ಹನ್ನೊಂದು ಮಂದಿಯನ್ನು ಹುಡುಕುತ್ತ

ಎಪ್ಪತ್ತರ ದಶಕದ ನಡುವಿನ ಒಂದು ಭಾನುವಾರ ಸಂಜೆ ನಮ್ಮ ಫುಟ್ಬಾಲ್ ಕ್ಲಬ್ಬು ತನ್ನದೇ ಮೈದಾನದಲ್ಲಿ, ತನ್ನದೇ ಜನರ ಎದುರಿಗೆ, ಗುಂತಕಲ್ಲಿನಿಂದ ಬಂದ ತಂಡದ ಕೈಯಲ್ಲಿ ಏಳು ಗೋಲು ತಿಂದಿತು. ಐದನೆಯ ಗೋಲು ಆದಮೇಲೆ ಬಳ್ಳಾರಿಯ ಕೌಲ್ ಬಜಾರಿನ ಜನ ಒಬ್ಬೊಬ್ಬರಾಗಿ ಎದ್ದು ಸೈಕಲ್ಲುಗಳ ಕಡೆ ನಡೆದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಟ ಮುಗಿದಾಗ ಗೆರೆಯ ಆಚೆ ಉಳಿದಿದ್ದವರು ಕೆಲವೇ ಮಂದಿ, ಅವರಲ್ಲಿ ನಾನೊಬ್ಬ.

ನಾನಾಗ ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಮನೆ ಪಾರ್ವತಿನಗರದಲ್ಲಿದ್ದರೂ ಹುಟ್ಟಿ ಬೆಳೆದದ್ದು ಕೌಲ್ ಬಜಾರಿನ ಮಗ್ಗುಲಿಗೆ. ಅರವತ್ತರ ದಶಕದಲ್ಲಿ ಇದೇ ಕ್ಲಬ್ಬಿಗೆ ಬಲಗಡೆಯ ಬ್ಯಾಕ್ ಆಗಿ ಆಡಿದ್ದೆ. ಒಂದು ಆಟದಲ್ಲಿ ಮೊಣಕಾಲು ಮುರಿದು ಆಡುವುದು ನಿಂತಿತು; ನೋಡುವುದು ನಿಂತಿರಲಿಲ್ಲ.

ಬಳ್ಳಾರಿಯಲ್ಲಿ ದಂಡು ಇದ್ದ ಕಾಲದಲ್ಲಿ ಬಿಳಿಯ ಸೋಲ್ಜರರ ಬೂಟಿನ ಕಾಲುಗಳ ಎದುರು ಬರಿಗಾಲಲ್ಲಿ ಆಡಿದ ಹಿರಿಯರು ಕಟ್ಟಿದ ಕ್ಲಬ್ಬು ಅದು. ನಾನು ಆಡುತ್ತಿದ್ದಾಗ ಪಂದ್ಯದ ದಿನ ಬಜಾರಿನ ದರ್ಜಿಗಳು, ಟಿಂಕರ್ ಕೆಲಸದವರು, ಬೀಡಿ ಕಟ್ಟುವವರು ಎಲ್ಲರೂ ಬೇಗನೆ ಅಂಗಡಿ ಮುಚ್ಚಿ ಮೈದಾನಕ್ಕೆ ಬರುತ್ತಿದ್ದರು. ಆಮೇಲೆ ಒಳ್ಳೆಯ ಆಟಗಾರರು ಒಬ್ಬೊಬ್ಬರೇ ನೌಕರಿ ಕೊಡುವ ತಂಡಗಳ ಕಡೆ ಹೊರಟುಹೋದರು. ಅವರದು ತಪ್ಪು ಎನ್ನುವುದು ಹೇಗೆ? ಹೊಟ್ಟೆ ಇದೆಯಲ್ಲ. ತಪ್ಪು ಉಳಿದವರದು. ಅಣ್ಣನ ಜಾಗಕ್ಕೆ ತಮ್ಮ, ಮಾವನ ಜಾಗಕ್ಕೆ ಅಳಿಯ ಎಂದು ತಂಡ ತುಂಬತೊಡಗಿತು. ಅಭ್ಯಾಸ ನಿಂತಿತು. ಪಂದ್ಯದ ದಿನ ಪೆಟ್ಟಿಗೆಯಿಂದ ಜೆರ್ಸಿ ತೆಗೆದು, ಧೂಳು ಝಾಡಿಸಿ, ಹಾಕಿಕೊಂಡು ಹೋಗುವುದೇ ಆಟ ಎಂದಾಯಿತು.

ಮರುದಿನ ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಸೋಡಾ ಫ್ಯಾಕ್ಟರಿ ನಡೆಸುತ್ತಿದ್ದ ಹಿರಿಯರು. ಎಲ್ಲರೂ ಸಾಹುಕಾರ್ರು ಅನ್ನುತ್ತಿದ್ದರು. ಹೆಂಡತಿ ಕೊಟ್ಟ ಚಹಾವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತರು, ಕುಡಿಯಲಿಲ್ಲ.

"ಮಾಸ್ತರ, ಕ್ಲಬ್ಬು ನೀವು ಕೈಗೆ ತಗೋಬೇಕು," ಎಂದರು.

"ನಾನೇನ್ರಿ? ನಾನು ಆಟ ಬಿಟ್ಟು ಎಷ್ಟೋ ವರ್ಷ ಆತಲ್ರಿ."

"ಆಡಾವ್ರು ಅದಾರ. ಆಡ್ಸಾವ್ರು ಇಲ್ಲ. ನಿನ್ನಿ ನೀವು ಕಡೀತನಕ ಕುಂತಿದ್ರಿ, ನಾ ನೋಡೀನಿ."

ನಾನು ಬೇಡವೆನ್ನಬಹುದಿತ್ತು. ಶಾಲೆ ಇತ್ತು, ಎರಡು ಸಣ್ಣ ಮಕ್ಕಳಿದ್ದರು. ಆದರೆ ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗಲೇ ಯಾರನ್ನು ಎಲ್ಲಿ ಆಡಿಸಬೇಕು ಎಂದು ಮನಸ್ಸು ಲೆಕ್ಕ ಹಾಕತೊಡಗಿತ್ತು. ಕೇಳುವ ಮೊದಲೇ ಒಪ್ಪಿಕೊಂಡಾಗಿತ್ತು ಅನ್ನಬೇಕು.

"ಒಂದು ಮಾತು ಐತ್ರಿ," ಎಂದೆ. "ತಂಡದಾಗ ಯಾರು ಇರಬೇಕು, ಯಾರು ಬ್ಯಾಡ ಅನ್ನೋದು ನನಗ ಬಿಡ್ಬೇಕು. ಯಾರ ಅಳಿಯ, ಯಾರ ತಮ್ಮ ಅನ್ನೋ ಮಾತು ಬರಬಾರ್ದು."

"ಒಂದು ವರ್ಷ ನಿಮ್ಮನ್ನ ಯಾರೂ ಕೇಳಂಗಿಲ್ಲ. ಕೇಳಾಕ ಬಂದ್ರ ನನ್ ಕಡಿ ಕಳಸ್ರಿ," ಎಂದು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ಅವರು ಗೇಟು ದಾಟಿದ ಮೇಲೆ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. "ಹೂಂ ಅಂದ್ರೇನು?"

"ಹೂಂ ಅಂದೆ."

"ಗೊತ್ತಿತ್ತು ಬಿಡ್ರಿ," ಎಂದು ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಮೊದಲ ಕೆಲಸ ಬೆಳಗಿನ ಓಟ. ಬಳ್ಳಾರಿಗೆ ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ಹೊರಗಿನವರು ನಗುತ್ತಾರೆ. ಹೊತ್ತು ಏರಿದ ಮೇಲೆ ಇಲ್ಲಿ ಓಡುವುದಿರಲಿ, ನಿಲ್ಲುವುದೂ ಕಷ್ಟ. ಹಾಗಾಗಿ ನಸುಕಿನಲ್ಲೇ ಎಲ್ಲರೂ ಮೈದಾನಕ್ಕೆ ಬರಬೇಕೆಂದು ಹೇಳಿಕಳಿಸಿದೆ. ಬಂದವರು ಐದು ಮಂದಿ. ನಮ್ಮ ಗೋಲ್‌ಕೀಪರ್ ದರ್ಜಿ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದ. ಉಳಿದ ನಾಲ್ವರು ತಂಡದಲ್ಲಿ ಎಂದೂ ಗಟ್ಟಿ ಜಾಗ ಸಿಗದವರು. ಜಾಗ ಇದ್ದವರಲ್ಲಿ ದರ್ಜಿಯ ಹೊರತು ಒಬ್ಬನೂ ಬರಲಿಲ್ಲ. ಏಕೆಂದರೆ ನಮ್ಮ ಸೆಂಟರ್ ಫಾರ್ವರ್ಡ್ ಬಂದಿರಲಿಲ್ಲ.

ಅವನ ವಿಷಯ ಹೇಳಬೇಕು. ನಾವಿಬ್ಬರೂ ಒಂದೇ ವಯಸ್ಸಿನವರು, ಒಟ್ಟಿಗೆ ಕ್ಲಬ್ಬು ಸೇರಿದವರು. ಬಲಗಡೆಯ ಮೂಲೆಯಿಂದ ನಾನು ಚೆಂಡನ್ನು ಉದ್ದಕ್ಕೆ ಒದೆಯುತ್ತಿದ್ದೆ. ಅವನು ಎಲ್ಲಿದ್ದಾನೆಂದು ತಲೆ ಎತ್ತಿ ನೋಡುತ್ತಿರಲಿಲ್ಲ. ಇರಬೇಕಾದಲ್ಲಿ ಇರುತ್ತಿದ್ದ. ಬಜಾರಿನಲ್ಲಿ ಅವನಿಗೆ ಲೇತ್ ಯಂತ್ರದ ಅಂಗಡಿ. ಊರಿನ ಮಕ್ಕಳು ಅವನ ಅಂಗಡಿಯ ಮುಂದೆ ಹಾಯುವಾಗ ನಿಂತು ನೋಡಿ ಹೋಗುತ್ತಿದ್ದರು. ಕ್ಲಬ್ಬಿನಲ್ಲಿ ಅವನು ಹೂಂ ಅಂದದ್ದಕ್ಕೆ ಎಲ್ಲರೂ ಹೂಂ. ಈಗ ಹೊಟ್ಟೆ ಬಂದಿತ್ತು, ಚೆಂಡು ಕಾಲಿಗೆ ಬಂದರೆ ಮಾತ್ರ ಆಡುತ್ತಿದ್ದ. ಆದರೂ ಬಂದ ಚೆಂಡಿಗೆ ಅವನ ಕಾಲು ಮಾಡುತ್ತಿದ್ದುದನ್ನು ಜಿಲ್ಲೆಯಲ್ಲಿ ಇನ್ನೊಬ್ಬರು ಮಾಡಲಾರರು.

ಅವನ ಅಂಗಡಿಗೆ ನಾನೇ ಹೋದೆ. ಲೇತ್ ತಿರುಗುತ್ತಿತ್ತು, ಕಬ್ಬಿಣದ ಸುರುಳಿಗಳು ನೆಲಕ್ಕೆ ಬೀಳುತ್ತಿದ್ದವು. ಅವನು ಯಂತ್ರ ನಿಲ್ಲಿಸಲಿಲ್ಲ.

"ಮುಂಜಾನಿ ಓಡಾಕ ಬರಬೇಕು," ಎಂದೆ.

"ಲೇ, ನಾನೇನು ನಿನ್ ಸಾಲಿ ಹುಡುಗಾ? ಮ್ಯಾಚಿನ ದಿವಸ ಬರ್ತೀನಿ. ಗೋಲು ಹೊಡೀತೀನಿ. ಮತ್ತೇನು ಬೇಕು ನಿನಗ?"

"ಓಡಾಕ ಬರಲಾರದಾಂವ ಮ್ಯಾಚಿಗೂ ಬರೋದು ಬ್ಯಾಡ."

ಅವನು ತಲೆ ಎತ್ತಿ ನನ್ನ ಮುಖ ನೋಡಿದ. ತಮಾಷೆ ಅಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ನಾನಿಲ್ಲದ ಕ್ಲಬ್ಬಾ?"

"ಹೌದು."

"ನೋಡೋಣ ಹೋಗು," ಎಂದು ಮತ್ತೆ ಯಂತ್ರದ ಕಡೆ ತಿರುಗಿದ.

ಅವನ ಹಿಂದೆ ಉಳಿದ ಹಳಬರೂ ಕ್ಲಬ್ಬು ಬಿಟ್ಟರು. ಬಜಾರಿನಲ್ಲಿ ನಾನು ಸೈಕಲ್ಲಿನ ಮೇಲೆ ಹೋಗುವಾಗ ಮಾತಾಡಿಸುತ್ತಿದ್ದವರು ಅಂಗಡಿಯ ಒಳಗೆ ನೋಡತೊಡಗಿದರು. ಆ ವಾರ ಬಹಳ ಬೇಜಾರಾಯಿತು. ಆದರೆ ಅವನನ್ನು ವಾಪಸು ಕರೆಯಬೇಕೆಂದು ಒಂದು ಸಲವೂ ಅನಿಸಲಿಲ್ಲ. ಐದು ಮಂದಿ ಇದ್ದರು. ಬೇಕಾದದ್ದು ಇನ್ನೂ ಆರು. ಊರಲ್ಲಿ ಇಲ್ಲದಿದ್ದರೆ ಊರಾಚೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಹಮಾಲರು ಚೆಂಡಾಡುತ್ತಾರೆಂದು ನಮ್ಮ ಶಾಲೆಯ ಗುಮಾಸ್ತರು ಹೇಳಿದ್ದರು. ಅದು ಅವರ ಊರು. ಒಂದು ಭಾನುವಾರ ಬಸ್ಸು ಹತ್ತಿದೆ. ನೆಲ್ಲು ಕೊಯ್ದು ಖಾಲಿಯಾದ ಗದ್ದೆಯಲ್ಲಿ, ಕೂಳೆಯ ಮೇಲೆ, ಲುಂಗಿ ಎತ್ತಿ ಕಟ್ಟಿದ ಗಂಡಸರು ಆಡುತ್ತಿದ್ದರು. ಗೋಲ್ ಪೋಸ್ಟಿನ ಜಾಗದಲ್ಲಿ ಎರಡೆರಡು ಗೋಣಿಚೀಲ. ಅವರಲ್ಲಿ ಒಬ್ಬನ ಮೇಲೆ ನನ್ನ ಕಣ್ಣು ನಿಂತಿತು. ಗಿಡ್ಡನೆಯ ಆಳು, ಒರಳಿನಂಥ ಮೀನಖಂಡ. ಯಾರು ಬಂದು ಡಿಕ್ಕಿ ಹೊಡೆದರೂ ಚೆಂಡು ಅವನ ಕಾಲಿನಿಂದ ಕದಲುತ್ತಿರಲಿಲ್ಲ. ದಿನವಿಡೀ ಅಕ್ಕಿಯ ಮೂಟೆ ಹೊತ್ತು ಹಲಗೆಯ ಮೇಲೆ ನಡೆಯುವವನನ್ನು ಯಾರು ಅಲುಗಾಡಿಸುತ್ತಾರೆ? ನಡುಭಾಗ ಕಾಯಲು ಇವನೇ ನನ್ನ ಸೆಂಟರ್ ಹಾಫ್ ಎಂದುಕೊಂಡೆ.

ಆಟ ಮುಗಿದ ಮೇಲೆ ಮಾತಾಡಿಸಿದೆ. ನನ್ನ ಮಾತನ್ನು ಪೂರ್ತಿ ಕೇಳಿ, ಮುಖ ಒರೆಸಿಕೊಂಡು ಹೇಳಿದ: "ಆದಿತ್ಯವಾರ ಮಿಲ್ಲು ಇರಂಗಿಲ್ರಿ. ಬರಾಕ ಅಡ್ಡಿಲ್ಲ. ಆದ್ರ ನಾನೊಬ್ನೇ ಬರಂಗಿಲ್ಲ. ನಾವು ಮೂವರು ಒಂದೇ ಗ್ಯಾಂಗು. ಕರದ್ರ ಮೂವರನ್ನೂ ಕರೀಬೇಕು."

"ಆ ಇಬ್ಬರು ಆಡ್ತಾರಾ?"

"ಒಬ್ಬ ಆಡ್ತಾನ. ಇನ್ನೊಬ್ಬ ಬಾಳ ಓಡ್ತಾನ."

"ಓಡಾವ್ರೇ ಬೇಕಾಗಿತ್ತು ನನಗ," ಎಂದೆ. ಮೂವರೂ ಬಂದರು.

ಕುರುಗೋಡಿನಲ್ಲಿ ಇನ್ನೊಂದು ಬಗೆಯ ಆಟ ಕಂಡೆ. ಅಲ್ಲಿ ಗುಡ್ಡದ ಬುಡದಲ್ಲಿ, ಬಂಡೆಗಳ ನಡುವೆ, ಇಳಿಜಾರಿನ ಜಾಗದಲ್ಲಿ ಆಡುತ್ತಿದ್ದರು. ಚೆಂಡು ಕಾಲು ತಪ್ಪಿದರೆ ಕೆಳಗೆ ಹೊಲದ ತನಕ ಉರುಳಿಹೋಗುತ್ತಿತ್ತು. ತಪ್ಪಿಸಿದವನೇ ಹೋಗಿ ತರಬೇಕು. ಹಾಗಾಗಿ ಯಾರೂ ತಪ್ಪಿಸುತ್ತಿರಲಿಲ್ಲ. ಅವರಲ್ಲಿ ಉದ್ದನೆಯ, ಕಡ್ಡಿಯಂಥ ಒಬ್ಬ ಯುವಕನಿದ್ದ. ಇಪ್ಪತ್ತು ದಾಟಿದ್ದ, ಮನೆಯ ಹೊಲದಲ್ಲೇ ಕೆಲಸ. ಇಳಿಜಾರಿನಲ್ಲಿ ಚೆಂಡು ಅವನ ಹೆಬ್ಬೆರಳಿಗೆ ದಾರ ಕಟ್ಟಿದ ಹಾಗೆ ಬರುತ್ತಿತ್ತು. ಆದರೆ ಗೋಲಿನ ಎದುರು ಬಂದಾಗ ಒದೆಯಲು ಬರುತ್ತಿರಲಿಲ್ಲ. ಬಂಡೆಗೆ ಹೊಡೆದು ನಗುತ್ತಿದ್ದ.

ಅವನು ಬರಲು ಸಿದ್ಧನಿದ್ದ. ಅವನ ತಂದೆ ಒಪ್ಪಬೇಕಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ ಆ ಯಜಮಾನರು, ಹಣೆಗೆ ಢಾಳಾಗಿ ವಿಭೂತಿ ಹಚ್ಚಿದವರು, ನನ್ನನ್ನು ಕೂರಿಸಿ ಮಜ್ಜಿಗೆ ಕೊಡಿಸಿ ಕೇಳಿದರು:

"ಇವನಿಗೆ ಕನ್ಯಾ ನೋಡಾಕತ್ತೀವ್ರಿ ಮಾಸ್ತರ. ನಿಮ್ ಆಟದಾಗ ಕಾಲು ಮುರದ್ರ ಹೆಣ್ಣು ಯಾರ್ ಕೊಡ್ತಾರ?"

"ಯಜಮಾನ್ರ, ನನಗ ಮೊಣಕಾಲು ಮುರದ ಮ್ಯಾಲೇ ಹೆಣ್ಣು ಕೊಟ್ಟಾರ್ರಿ," ಎಂದೆ.

ಅವರು ಗಹಗಹಿಸಿ ನಕ್ಕರು. ಒಳಗಿನಿಂದ ಹೆಂಗಸರು ನಕ್ಕದ್ದೂ ಕೇಳಿಸಿತು. "ಬಿತ್ತಿಗಿ ದಿನದಾಗ ಮಾತ್ರ ಕರೀಬ್ಯಾಡ್ರಿ," ಎಂಬ ಮಾತಿನ ಮೇಲೆ ಮಗನನ್ನು ಕಳಿಸಿದರು. ಅವನ ಜೊತೆ ಆಡುತ್ತಿದ್ದ ಇನ್ನಿಬ್ಬರೂ ಬಂದರು. ಲೆಕ್ಕಕ್ಕೆ ಹನ್ನೊಂದು ಆಯಿತು. ತಂಡ ಮಾತ್ರ ಆಗಲಿಲ್ಲ.

ಮೊದಲ ಭಾನುವಾರದ ಅಭ್ಯಾಸ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿರುಗುಪ್ಪದವರು ಚೆಂಡು ಬೇಕಾದಾಗ ತೆಲುಗಿನಲ್ಲಿ "ಇಟು ಇಯ್ಯಿ" ಎಂದು ಕೂಗುತ್ತಿದ್ದರು. ಬಜಾರಿನವರು ಉರ್ದುವಿನಲ್ಲಿ "ಇಧರ್ ದೇ" ಎನ್ನುತ್ತಿದ್ದರು. ಕುರುಗೋಡಿನವರು ನಾಚಿಕೆಯಿಂದ ಏನೂ ಕೂಗುತ್ತಿರಲಿಲ್ಲ. ಹಾಗಾಗಿ ಅವರಿಗೆ ಚೆಂಡೇ ಬರುತ್ತಿರಲಿಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಅಲ್ಲ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದವನಿಗೆ ಮೂರೂ ತಿಳಿಯುತ್ತವೆ. ಆದರೆ ಓಡುವಾಗ ಕಿವಿ ತನ್ನ ಮನೆಯ ಮಾತನ್ನೇ ಹುಡುಕುತ್ತದೆ. ನನಗೆ ರೇಗಿಹೋಯಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ.

"ಇವತ್ತಿಂದ ಮೈದಾನದಾಗ ಎರಡೇ ಮಾತು. 'ಕೊಡು' ಅಂದ್ರ ಕೊಡಬೇಕು. 'ಬಿಡು' ಅಂದ್ರ ಬಿಡಬೇಕು. ಮೂರನೇ ಮಾತು ಯಾರು ಆಡ್ತಾರೋ ಅವರು ಮೈದಾನ ಸುತ್ತಬೇಕು."

ಆ ದಿನ ಎಲ್ಲರೂ ಸುತ್ತಿದರು. ನಮ್ಮ ದರ್ಜಿ ಗೋಲ್‌ಕೀಪರ್ ಮಾತಿನಮಲ್ಲ, ಅವನೇ ಎಲ್ಲರಿಗಿಂತ ಹೆಚ್ಚು ಸುತ್ತಿದ್ದು.

ಬೂಟಿನದು ಇನ್ನೊಂದು ಪಾಡು. ಟೂರ್ನಮೆಂಟುಗಳಲ್ಲಿ ಬೂಟು ಕಡ್ಡಾಯವಾಗಿತ್ತು. ಹೊರಗಿನಿಂದ ಬಂದ ಆರೂ ಮಂದಿ ಬರಿಗಾಲಿನವರು. ಬೂಟು ಹಾಕಿದ ಕೂಡಲೇ ಕುರುಗೋಡಿನ ಯುವಕನ ಚಂದದ ಕಾಲುಗಳು ಮರದ ಕಾಲುಗಳಾದವು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ರಕ್ತ ಬಂತು. "ಇದನ್ನ ಹಾಕ್ಕೊಂಡ್ರ ನೆಲ ತಿಳೀವಲ್ದು ಸಾರ್," ಎಂದ, ಅಳುವ ದನಿಯಲ್ಲಿ. ನಾನು ಬೂಟುಗಳನ್ನು ಮನೆಗೆ ಕೊಟ್ಟು ಕಳಿಸಿದೆ. ನೀರು ಹಾಯಿಸುವಾಗ ಹಾಕಿಕೋ, ದನ ಹೊಡೆಯುವಾಗ ಹಾಕಿಕೋ, ಕಾಲಿಗೆ ಒಗ್ಗುವ ತನಕ ತೆಗೆಯಬೇಡ ಎಂದೆ. ಸಿರುಗುಪ್ಪದವನು ಬೂಟು ಹಾಕಿಕೊಂಡೇ ಮೂಟೆ ಹೊರುತ್ತಿದ್ದನಂತೆ. ಗಿರಣಿಯಲ್ಲಿ ಅವನಿಗೆ 'ಇನ್ಸ್‌ಪೆಕ್ಟರ್' ಎಂದು ಹೆಸರು ಬಿತ್ತು.

ಭಾನುವಾರದ ಊಟ ನಮ್ಮ ಮನೆಯಲ್ಲೇ. ಬಸ್ಸಿನಲ್ಲಿ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಹೇಗೆ? ಹೆಂಡತಿ ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದಳು. ಮೂಟೆ ಹೊರುವವರು ಕೂತು ಉಣ್ಣುವುದನ್ನು ನೋಡಿದ ಮೊದಲ ದಿನ ಅವಳು ಕಣ್ಣರಳಿಸಿ ನನ್ನ ಕಡೆ ನೋಡಿದಳು. ಬಜಾರಿನ ಐವರು ಮೊದಲು ಒಳಗೆ ಬರಲು ಹಿಂಜರಿದರು. "ಅಂಗಳದಾಗ ಯಾಕ ನಿಂತೀರಿ? ಓಡೋವಾಗ ಒಂದು, ಉಣ್ಣೋವಾಗ ಬ್ಯಾರೇನು? ಒಳಗ ಬರ್ರಿ," ಎಂದು ಅವಳೇ ಗದರಿಸಿ ಕರೆದಳು. ಒಂದೇ ಸಾಲಿನಲ್ಲಿ ಕುಳಿತು, ಒಬ್ಬರ ತಾಟಿಗೊಬ್ಬರು ಶೇಂಗಾ ಚಟ್ನಿ ದಾಟಿಸತೊಡಗಿದ ಮೇಲೆ ಮೈದಾನದಲ್ಲಿ ಚೆಂಡು ದಾಟಿಸುವುದೂ ಸುಲಭವಾಯಿತು ಎಂದು ಹೇಳಬಹುದು. ಆದರೆ ಅದು ನಿಜವಲ್ಲ. ಊಟ ಚೆನ್ನಾಗಿತ್ತು, ಆಟ ಕೆಟ್ಟದಾಗಿಯೇ ಇತ್ತು.

ಸೋತೆವು. ಹೊಸಪೇಟೆಯಲ್ಲಿ ಸೋತೆವು, ಆದೋನಿಯಲ್ಲಿ ಸೋತೆವು. ಬಜಾರಿನಲ್ಲಿ ನನ್ನನ್ನು ನೋಡಿ ಯಾರಾದರೂ "ಲೆಫ್ಟ್ ರೈಟ್, ಲೆಫ್ಟ್ ರೈಟ್" ಎಂದು ಕೂಗುವುದು ವಾಡಿಕೆಯಾಯಿತು. ಡ್ರಿಲ್ ಮಾಸ್ತರು ಕವಾಯತು ಮಾಡಿಸುತ್ತಾರೆ, ಆಟ ಆಡಿಸುವುದಿಲ್ಲ ಎಂಬ ಮಾತು. ಆದರೆ ನನಗೊಂದು ಸಂಗತಿ ಕಾಣುತ್ತಿತ್ತು, ಬೈಯುವವರಿಗೆ ಕಾಣುತ್ತಿರಲಿಲ್ಲ. ಆಟದ ಕೊನೆಯ ಭಾಗದಲ್ಲಿ ನಮ್ಮವರು ಓಡುತ್ತಿದ್ದರು, ಎದುರಿನವರು ನಡೆಯುತ್ತಿದ್ದರು. ಗೋಲುಗಳನ್ನೆಲ್ಲ ನಾವು ಮೊದಲೇ ತಿಂದುಬಿಡುತ್ತಿದ್ದೆವು, ಅಷ್ಟೇ.

ಕ್ಲಬ್ಬಿನ ಕಮಿಟಿಯವರು ಸಾಹುಕಾರ್ರ ಮೇಲೆ ಒತ್ತಡ ತಂದರು. ಅವರು ಕೊಟ್ಟ ಮಾತು ಮುರಿಯಲಿಲ್ಲ. ಆದರೆ ಒಂದು ಸಂಜೆ ನನ್ನನ್ನು ಫ್ಯಾಕ್ಟರಿಗೆ ಕರೆಸಿದರು. ಅಲ್ಲಿ ಲೇತ್ ಅಂಗಡಿಯ ನನ್ನ ಗೆಳೆಯನೂ ಕುಳಿತಿದ್ದ. ಹಳಬರು ಒಂದು ಕಡೆ, ಹೊಸಬರು ಒಂದು ಕಡೆ ಆಡಲಿ, ಗೆದ್ದವರು ಕ್ಲಬ್ಬಿನ ಹೆಸರಲ್ಲಿ ಮುಂದಿನ ಟೂರ್ನಮೆಂಟು ಆಡಲಿ ಎಂಬುದು ಕಮಿಟಿಯ ಮಾತು.

"ನೀವು ಬ್ಯಾಡ ಅಂದ್ರ ಬ್ಯಾಡ," ಎಂದರು ಸಾಹುಕಾರ್ರು.

"ಆಡ್ತೀವ್ರಿ," ಎಂದೆ. ಗೆಳೆಯ ನನ್ನ ಕಡೆ ನೋಡಲಿಲ್ಲ.

ಆ ಪಂದ್ಯಕ್ಕೆ ಇಡೀ ಬಜಾರು ಬಂತು. ಹೆಚ್ಚಿನವರು ಹಳಬರ ಕಡೆ. ಮೊದಲ ಅರ್ಧದಲ್ಲಿ ಗೆಳೆಯ ನನ್ನ ಹುಡುಗರಿಗೆ ಪಾಠ ಹೇಳಿದ. ನಿಂತಲ್ಲೇ ನಿಂತು, ಹೆಗಲು ಆ ಕಡೆ ವಾಲಿಸಿ ಚೆಂಡನ್ನು ಈ ಕಡೆ ತೆಗೆದು, ಎರಡು ಗೋಲು ಹೊಡೆದ. ಎರಡನೆಯದು ಎಷ್ಟು ಚಂದವಿತ್ತೆಂದರೆ ನಾನೇ ಚಪ್ಪಾಳೆ ತಟ್ಟಲು ಕೈ ಎತ್ತಿ, ತಡೆದುಕೊಂಡೆ.

ವಿರಾಮದಲ್ಲಿ ನನ್ನವರು ತಲೆ ಬಗ್ಗಿಸಿ ಕುಳಿತಿದ್ದರು. ಹೇಳುವುದು ಹೆಚ್ಚೇನೂ ಇರಲಿಲ್ಲ. "ಅವರ ಎದಿ ನೋಡ್ರಿ, ಹೆಂಗ ಏಳಾಕತ್ತೈತಿ. ಈಗ ನಿಮ್ ಆಟ ಸುರು," ಎಂದೆ.

ದ್ವಿತೀಯಾರ್ಧದಲ್ಲಿ ಸಿರುಗುಪ್ಪದವನು ನನ್ನ ಗೆಳೆಯನಿಗೆ ಅಂಟಿಕೊಂಡ. ಒಂದು ಚೆಂಡನ್ನೂ ಬಿಡಲಿಲ್ಲ. ಸಿರುಗುಪ್ಪದ ಗ್ಯಾಂಗಿನ ಇನ್ನೊಬ್ಬ, 'ಬಾಳ ಓಡ್ತಾನ' ಎಂದು ಹೇಳಿದ್ದನಲ್ಲ, ಅವನು ನಿಜವಾಗಿಯೂ ಬಾಳ ಓಡಿದ. ಒಂದು ಗೋಲು ತೀರಿಸಿದೆವು. ಹಳಬರು ಚೆಂಡನ್ನು ಬೇಕೆಂದೇ ಹೊರಗೆ ಒದ್ದು ಉಸಿರು ತೆಗೆದುಕೊಳ್ಳತೊಡಗಿದರು. ಕಡೆಗೆ ಕುರುಗೋಡಿನ ಯುವಕನ ಎದುರು ಖಾಲಿ ಗೋಲು. ಒದ್ದ, ಚೆಂಡು ಆಕಾಶಕ್ಕೆ ಹೋಯಿತು. ವಿಸಲ್ ಆಯಿತು. ನಾವು ಸೋತಿದ್ದೆವು.

ನಾನು ಸಾಹುಕಾರ್ರ ಹತ್ತಿರ ಹೋದೆ. ಮಾತಿನ ಪ್ರಕಾರ ಟೂರ್ನಮೆಂಟು ಬಿಟ್ಟುಕೊಡಲು ಸಿದ್ಧನಾಗಿಯೇ ಹೋದೆ. ಗೆಳೆಯ ಅಲ್ಲಿ ನೆಲದ ಮೇಲೆ ಕುಳಿತು ಬೂಟು ಬಿಚ್ಚುತ್ತಿದ್ದ. ಮುಖ ಕೆಂಪಾಗಿತ್ತು, ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ನನ್ನನ್ನು ಬಿಟ್ಟು ಸಾಹುಕಾರ್ರಿಗೆ ಹೇಳಿದ:

"ಗೆದ್ದಿದ್ದು ನಾವು. ಆದ್ರ ಇನ್ನ ಸ್ವಲ್ಪ ಹೊತ್ತು ಆಡಿದ್ರ ನಮ್ಮನ್ನ ಹೊತ್ಕೊಂಡು ಹೋಗಬೇಕಾಗಿತ್ತು. ಟೂರ್ನಮೆಂಟು ಅವರೇ ಆಡ್ಲಿ ಬಿಡ್ರಿ."

ಕಮಿಟಿಯವರೊಬ್ಬರು ಏನೋ ಹೇಳಲು ಹೋದರು. "ಹೇಳೀನಲ್ರಿ," ಎಂದು ಅವನು ಬೂಟುಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದುಹೋದ. ನನಗೆ ಅವನ ಹಿಂದೆ ಹೋಗಬೇಕೆನಿಸಿತು. ಹೋಗಲಿಲ್ಲ. ಆ ಹೊತ್ತಿನಲ್ಲಿ ಯಾರೂ ಜೊತೆಗೆ ಬೇಕಿರುವುದಿಲ್ಲ ಎಂಬುದು ಮೊಣಕಾಲು ಮುರಿದುಕೊಂಡ ನನಗೆ ಗೊತ್ತಿತ್ತು.

ಕೆಲವು ವಾರಗಳ ಮೇಲೆ ಒಂದು ಭಾನುವಾರ ಅಭ್ಯಾಸ ನಡೆದಿತ್ತು. ಗೆಳೆಯ ಸೈಕಲ್ಲಿನ ಮೇಲೆ ಬಂದು, ಒಂದು ಕಾಲು ನೆಲಕ್ಕೆ ಊರಿ ನಿಂತ. ಕುರುಗೋಡಿನ ಯುವಕ ಗೋಲಿಗೆ ಒದೆಯುತ್ತಿದ್ದ. ಮೊದಲನೆಯದು ಮೇಲೆ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದಕ್ಕೆ ಗೆಳೆಯ ಸೈಕಲ್ಲನ್ನು ಹಾಗೇ ನೆಲಕ್ಕೆ ಕೆಡವಿ ಬಂದುಬಿಟ್ಟ.

"ಏಯ್, ಒದೀಯೋವಾಗ ಎಲ್ಲಿ ನೋಡ್ತಿ?"

"ಗೋಲು ನೋಡ್ತೀನಿ ಸಾರ್."

"ಗೋಲು ಎಲ್ಲಿಗೂ ಓಡಿಹೋಗಂಗಿಲ್ಲ. ಚೆಂಡು ನೋಡು. ಮೊಣಕಾಲು ಚೆಂಡಿನ ಮ್ಯಾಲ ಬರ್ಲಿ."

ಆಮೇಲೆ ಪ್ರತಿ ಭಾನುವಾರ ಬಂದ. ಬೆಳಗಿನ ಓಟಕ್ಕೆ ಬರಲಿಲ್ಲ, ನಮ್ಮ ಮನೆಗೆ ಊಟಕ್ಕೂ ಬರಲಿಲ್ಲ. ನನ್ನ ಜೊತೆ ಮಾತೂ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದರೂ ಗೋಲ್‌ಕೀಪರನನ್ನು ಕರೆದು, "ನಿಮ್ ಮಾಸ್ತರಿಗೆ ಹೇಳು, ಆ ಉದ್ದಾನಾಂವನ್ನ ಎಡಗಡಿ ಆಡ್ಸು ಅಂತ," ಎನ್ನುತ್ತಿದ್ದ. ದರ್ಜಿ ನನ್ನ ಕಡೆ ತಿರುಗಿ, ನಾನು ಕೇಳಿಸಿಕೊಂಡದ್ದನ್ನೇ ಇನ್ನೊಮ್ಮೆ ಹೇಳುತ್ತಿದ್ದ. ನಾನು, "ಅವರಿಗೆ ಹೇಳು, ಎಡಗಡಿ ಆಡಿಸ್ತೀನಿ, ಆದ್ರ ಮದ್ಲು ಎಡಗಾಲಿಂದ ಒದೆಯೋದು ಕಲ್ಸು ಅಂತ," ಎನ್ನುತ್ತಿದ್ದೆ. ಹೀಗೆ ತಿಂಗಳುಗಟ್ಟಲೆ ನಡೆಯಿತು. ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಚಳಿಗಾಲದ ಟೂರ್ನಮೆಂಟು ನಮ್ಮ ಮೈದಾನದಲ್ಲೇ ನಡೆಯಿತು. ಮೊದಲ ಪಂದ್ಯ ಹೇಗೋ ಗೆದ್ದೆವು. ಎರಡನೆಯದಕ್ಕೆ ಎದುರು ಬಂದದ್ದು ಅದೇ ಗುಂತಕಲ್ಲಿನ ತಂಡ. ಬೆಳಿಗ್ಗೆ ಹೆಂಡತಿ ಕೇಳಿದಳು: "ಇವತ್ತು ಎಷ್ಟು ಮಂದಿಗೆ ಅಡಿಗಿ ಮಾಡ್ಲಿ? ಗೆದ್ರ ಹೆಚ್ಚು, ಸೋತ್ರ ಕಡಿಮಿ ಅಂತ ಏನರ ಐತೇನು?" "ಎರಡಕ್ಕೂ ಹೆಚ್ಚು," ಎಂದೆ.

ಅಂದು ನನ್ನವರು ಆಡಿದ ಆಟಕ್ಕೆ ಚಂದ ಎನ್ನುವ ಮಾತು ಸಲ್ಲದು. ಅವರು ಬಿಟ್ಟುಕೊಡಲಿಲ್ಲ, ಅಷ್ಟೇ. ಸಿರುಗುಪ್ಪದವನು ನಡುವೆ ನಿಂತ ಗೋಡೆ. ದರ್ಜಿ ಬಾಯಿ ಮುಚ್ಚದೆ ಹಿಂದಿನಿಂದ "ಬಿಡು, ಬಿಡು" ಎನ್ನುತ್ತ, ಬಂದ ಚೆಂಡನ್ನೆಲ್ಲ ಎದೆಗೆ ಅಪ್ಪಿಕೊಂಡ. ಹೊತ್ತು ಇಳಿಯಿತು, ಗೋಲಿಲ್ಲ. ಎದುರಿನವರ ಕಾಲು ಭಾರವಾಗುವುದನ್ನು ನಾನು ಕಾಯುತ್ತಿದ್ದೆ. ಭಾರವಾಯಿತು. ಬಲಗಡೆಯಿಂದ ನಮ್ಮ ಓಟಗಾರ ತೂರಿದ ಚೆಂಡು ಗೋಲಿನ ಮುಂದೆ ಪುಟಿಯಿತು. ಕುರುಗೋಡಿನ ಯುವಕ ಒದೆಯಲು ಕಾಲು ಎತ್ತಿದ, ಕಾಲಿಗೆ ಸಿಗಲಿಲ್ಲ. ಚೆಂಡು ಅವನ ಮುಂಗಾಲಿನ ಮೂಳೆಗೆ ಬಡಿದು, ಅಡ್ಡಕ್ಕೆ ತಿರುಗಿ, ಕಂಬಕ್ಕೆ ಸವರಿಕೊಂಡು ಒಳಗೆ ಹೋಯಿತು.

ಮೈದಾನ ಕೂಗಿತು. ನನ್ನ ಪಕ್ಕದಲ್ಲಿ ನಿಂತಿದ್ದ ಗೆಳೆಯ ನನ್ನ ತೋಳು ಹಿಡಿದು ಅಲುಗಾಡಿಸಿದ. "ಲೇ, ಅದು ನಾ ಕಲಿಸಿದ್ದಲ್ಲ ಲೇ! ಅದನ್ನ ನಾ ಕಲಿಸಿಲ್ಲ!"

"ನಾನೂ ಕಲಿಸಿಲ್ಲ," ಎಂದೆ. ಇಬ್ಬರೂ ನಕ್ಕೆವು. ಮಾತು ಬಿಟ್ಟಿದ್ದೆವು ಎಂಬುದು ಆಮೇಲೆ ನೆನಪಾಯಿತು. ಆದರೆ ಮತ್ತೆ ಬಿಡಲು ಇಬ್ಬರಿಗೂ ವೇಳೆ ಇರಲಿಲ್ಲ. ಆಟ ಇನ್ನೂ ಉಳಿದಿತ್ತು.

ಆ ಪಂದ್ಯ ಗೆದ್ದೆವು. ಫೈನಲ್ ಸೋತೆವು. ಕಪ್ಪು ಬೇರೆ ಊರಿಗೆ ಹೋಯಿತು. ಸಾಹುಕಾರ್ರು ಎರಡೂ ತಂಡಗಳಿಗೆ ಸೋಡಾ ಕುಡಿಸಿ, ನನ್ನ ಬೆನ್ನು ತಟ್ಟಿ, "ವರ್ಷ ಮುಗೀತು ಮಾಸ್ತರ. ಇನ್ನೊಂದು ವರ್ಷ ಯಾರೂ ಕೇಳಂಗಿಲ್ಲ," ಎಂದರು. ಮರುಬೆಳಿಗ್ಗೆ ಓಟಕ್ಕೆ ಕೌಲ್ ಬಜಾರಿನ ಹೊಸ ಮುಖಗಳು ಬಂದಿದ್ದವು; ಯಾರ ತಮ್ಮ, ಯಾರ ಅಳಿಯ ಎಂದು ನಾನು ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಸಿರುಗುಪ್ಪದವನು ನಮ್ಮ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ. ದೂರದ ಊರಿನ ತಂಡವೊಂದು ನೌಕರಿ ಕೊಟ್ಟು ಕರೆದಿತ್ತು. ಕಾಯಂ ಕೆಲಸ, ಇರಲು ಕ್ವಾರ್ಟರ್ಸ್.

"ನೀವು ಬ್ಯಾಡ ಅಂದ್ರ ಹೋಗಂಗಿಲ್ಲ ಸಾರ್," ಎಂದ.

ನನಗೆ ಸಿಟ್ಟು ಬಂತು. ಅವನ ಮೇಲಲ್ಲ. ಕಟ್ಟಿದ್ದನ್ನು ಬಂದು ಬಂದು ಎತ್ತಿಕೊಂಡು ಹೋಗುವ ಲೋಕದ ಮೇಲೆ. ಅವನಿಲ್ಲದೆ ನಮ್ಮ ನಡುಭಾಗ ಬಾಗಿಲಿಲ್ಲದ ಮನೆ. ಆದರೆ ಅವನ ಹೆಗಲ ಮೇಲೆ, ಕುತ್ತಿಗೆಯ ಬುಡದಲ್ಲಿ, ಮೂಟೆ ಹೊತ್ತು ಹೊತ್ತು ಗಡುಸಾದ ಚರ್ಮ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಬೇಡ ಎನ್ನುವ ಬಾಯಿ ಯಾವುದು?

"ಹೋಗು. ಮುಂಜಾನಿ ಓಡೋದು ಮಾತ್ರ ಬಿಡಬ್ಯಾಡ," ಎಂದೆ. ಅವನು ಕಾಲು ಮುಟ್ಟಲು ಬಾಗಿದ. ಎಬ್ಬಿಸಿ ಊಟಕ್ಕೆ ಕೂರಿಸಿದೆ. ಹೆಂಡತಿ ಎಂದಿನಂತೆ ಅವನ ತಾಟು ತುಂಬಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು; ಹೊಗೆ ಅಂದಳು.

ಸಂಜೆ ಗೆಳೆಯನ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಅವನು ಲೇತ್ ನಿಲ್ಲಿಸಿ, ಎಣ್ಣೆಯ ಕೈ ಒರೆಸಿಕೊಂಡ.

"ಎಂಬತ್ತನೇ ಇಸ್ವಿ ಬರೋದ್ರಾಗ ನಾವು ಕಪ್ ಗೆದ್ದು ತೋರಸ್ಬೇಕು ಅನ್ಕೊಂಡಿದ್ದೆ," ಎಂದ.

"ಈಗ ಅನ್ಕೊಳ್ಳೋದು ಬಿಟ್ಟಿ ಏನು?"

"ಯಾಕ ಬಿಡ್ಲಿ?" ಎಂದು ರೇಗಿದ. "ಸಂಗನಕಲ್ಲಿನ ಕಡಿ ಯಾರೋ ಒಬ್ಬ ಅದಾನಂತ. ಕಲ್ಲು ಒಡಿಯಾಂವ. ನೋಡಿ ಬರೋಣ ನಡಿ."

"ಈಗ?"

"ಹೊತ್ತು ಮುಳುಗಿಲ್ಲಲ್ಲ," ಎಂದು ಅವನು ಅಂಗಡಿಯ ಹಲಗೆಬಾಗಿಲು ಎಳೆಯತೊಡಗಿದ. ನಾನು ಇನ್ನೊಂದು ಬದಿಯ ಹಲಗೆಯನ್ನು ಹಿಡಿದೆ.

ಆ ಕಲ್ಲು ಒಡೆಯುವವನಿಗೆ ಚೆಂಡಾಟವೇ ಬರುತ್ತಿರಲಿಲ್ಲ. ಯಾರೋ ತಪ್ಪು ಹೇಳಿದ್ದರು. ಆದರೆ ಅಲ್ಲಿಂದ ಬರುವ ದಾರಿಯಲ್ಲಿ ಇನ್ನೊಬ್ಬ ಸಿಕ್ಕ. ಅವನು ಮೂರು ವರ್ಷ ನಮ್ಮ ನಡುಭಾಗ ಕಾದ. ಆಮೇಲೆ ಅವನೂ ಹೋದ, ನಾವು ಮತ್ತೊಬ್ಬನನ್ನು ಹುಡುಕಿದೆವು. ಎಂಬತ್ತರ ದಶಕದಲ್ಲಿ ಒಂದು ಸಲ ಕಪ್ಪು ಗೆದ್ದೆವು. ಎರಡು ಸಲ ಗೆಲ್ಲುವ ಹತ್ತಿರ ಬಂದು ಸೋತೆವು. ಕುರುಗೋಡಿನವನಿಗೆ ಮದುವೆಯಾಯಿತು, ಮದುವೆಗೆ ಇಡೀ ತಂಡ ಹೋಗಿ ಹಂದರದ ಹಿಂದೆ ಅವನ ಮಾವನ ಊರಿನವರ ಜೊತೆ ಆಡಿ ಬಂದಿತು. ನಾನು ಶಾಲೆಯಿಂದ ನಿವೃತ್ತನಾಗುವ ತನಕ ಬೆಳಗಿನ ಓಟ ಒಂದು ದಿನವೂ ನಿಂತದ್ದು ನನಗೆ ನೆನಪಿಲ್ಲ. ಐದೇ ಮಂದಿ ಬಂದ ದಿನಗಳಿದ್ದವು. ಬಂದ ಐವರನ್ನು ಕರೆದುಕೊಂಡು ಓಡುತ್ತಿದ್ದೆ.